ಮದುವೆ ದಿನಕ್ಕೊಂದು ಅಳುವ ಹಾಡು

"ನಾನು ಸತ್ತೆ ಅಂತ ಯಾರು ಹೇಳಿದ್ರು ಇವರಿಗೆಲ್ಲ?"

ಮೊಜೆಲ್ ಕೈಚೀಲ ಕೆಳಗಿಡದೆಯೇ ಗಂಡನ ಮೇಲೆ ಕೂಗಿದಳು. ತಂಗಿಯ ಊರಿನಲ್ಲಿ ಎರಡು ದಿನ ಪೀಚ್ ಜಾಮ್ ಮಾಡಿಕೊಟ್ಟು ಕಾರನ್ನು ಹಿತ್ತಲಲ್ಲಿ ನಿಲ್ಲಿಸಿ ಆಗಷ್ಟೇ ಮನೆಯೊಳಗೆ ಬಂದಿದ್ದಳು. ಅಡುಗೆಮನೆಯ ಮೇಜಿನ ಮೇಲೆ ಕೈಯಿಡಲೂ ಜಾಗವಿಲ್ಲ. ಕೋಳಿ ಹಾಕಿದ ಅನ್ನ, ಚೀಸ್ ಹಾಕಿ ಬೇಯಿಸಿದ ಆಲೂಗಡ್ಡೆ, ಜೋಳದ ರೊಟ್ಟಿ. ಒಂದೊಂದು ಪಾತ್ರೆಯ ತಳಕ್ಕೂ ಅದರ ಯಜಮಾನಿಯ ಹೆಸರು ಅಂಟಿಸಿದೆ. ನಮ್ಮ ಟೆನೆಸ್ಸೀ ಬೆಟ್ಟದ ಕಡೆ ಒಂದು ಮನೆಗೆ ನೆರೆಯವರಿಂದ ಇಷ್ಟು ಊಟ ಬಂತೆಂದರೆ ಅಲ್ಲಿ ಯಾರೋ ತೀರಿಕೊಂಡಿರಬೇಕು, ಇಲ್ಲವೇ ಹೆಂಡತಿ ಓಡಿಹೋಗಿರಬೇಕು.

ಡೆಲ್ಬರ್ಟ್: ಸತ್ತೆ ಅಂತ ಯಾರೂ ಅಂದಿಲ್ಲ ಮೊಜೆಲ್. ನನ್ನ ಬಿಟ್ಟುಹೋದೆ ಅಂದ್ಕೊಂಡಿದ್ದಾರೆ, ಅಷ್ಟೆ.

ಮೊಜೆಲ್: ಅಷ್ಟೆ! ಯಾರ ಜೊತೆಗಂತೆ?

ಡೆಲ್ಬರ್ಟ್: ಅದಿನ್ನೂ ತೀರ್ಮಾನ ಆಗಿಲ್ಲ. ಚರ್ಚಿನ ಹೆಂಗಸರು ಮಾತಾಡ್ಕೋತಿದ್ದಾರೆ.

ಮೊಜೆಲ್: ನೀನೇನು ಘನಂದಾರಿ ಕೆಲಸ ಮಾಡ್ದೆ? ಬೊಗಳು.

ಡೆಲ್ಬರ್ಟ್: ಇವತ್ತು ನಮ್ಮ ಮದುವೆ ಆದ ದಿನ ಅಲ್ವಾ? ಬೆಳಿಗ್ಗೆ ರೇಡಿಯೋದವರಿಗೆ ಫೋನ್ ಮಾಡಿ, ನನ್ನ ಹೆಂಡ್ತಿ ಮೊಜೆಲ್‌ಗೆ ಅಂತ ಒಂದು ಹಾಡು ಹಾಕಿಸ್ದೆ.

ಮೊಜೆಲ್: (ಮೆತ್ತಗಾಗಿ) ಹೌದಾ? ಯಾವ ಹಾಡು?

ಡೆಲ್ಬರ್ಟ್: ಅದೇ, ಅವಳು ಬಸ್ ಹತ್ತಿ ಹೋಗ್ಬಿಡ್ತಾಳಲ್ಲ, ಅವನು ದಿನಾ ಎರಡು ತಟ್ಟೆ ಹಾಕ್ಕೊಂಡು ಕಾಯ್ತಾ ಕೂರ್ತಾನಲ್ಲ, ಅದು.

ಮೊಜೆಲ್: ಅಯ್ಯೋ ದೇವರೇ! ಮದುವೆ ದಿನ ಹೆಂಡ್ತಿಗೆ ಕೊಡೋ ಹಾಡೇನೋ ಅದು? ಅದಕ್ಕೆ ಸರಿಯಾಗಿ ನನ್ನ ಕಾರೂ ಮನೆ ಮುಂದೆ ಇರ್ಲಿಲ್ಲ. ಜನ ಇನ್ನೇನು ಅಂದ್ಕೋತಾರೆ?

ಡೆಲ್ಬರ್ಟ್: ಆ ಹಾಡು ನನಗಿಷ್ಟ ಕಣೆ.

ಮೊಜೆಲ್: ನಾನು ಹೋದ್ರೆ ನಿನಗಿಷ್ಟ ಅನ್ನು!

ಡೆಲ್ಬರ್ಟ್: ಹಾಗಲ್ವೇ...

ಮೊಜೆಲ್: ಮತ್ತೆ ಯಾವಳಿಗೋಸ್ಕರ ಅಳ್ತೀಯ? ಕೊಟ್ಟಿಗೇಲಿ ಆ ಹಾಡು ಹಾಕ್ಕೊಂಡು ಕಣ್ಣು ಒರೆಸ್ಕೊಳ್ಳೋದು ನಾನು ನೋಡಿಲ್ವಾ? ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೆ. ಇವತ್ತು ಹೇಳ್ಬಿಡು. ಯಾರವಳು?

ಕೇಳಿದ್ದೇನೋ ಜೋರಾಗಿಯೇ. ಆದರೆ ಉತ್ತರ ಏನು ಬರುತ್ತದೋ ಎಂದು ಅವಳಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಡೆಲ್ಬರ್ಟ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಡೆಲ್ಬರ್ಟ್: ನೀನೇ ಕಣೆ.

ಮೊಜೆಲ್: ನಾನೆಲ್ಲಿ ಹೋಗಿದ್ದೀನೋ? ಇಲ್ಲೇ ನಿನ್ನ ಜೊತೆ ಒದ್ದಾಡ್ತಿದ್ದೀನಲ್ಲ!

ಡೆಲ್ಬರ್ಟ್: ಹಾಡಲ್ಲಿ ಹೋಗ್ಬಿಡ್ತೀಯ. ಮನೆಯೆಲ್ಲ ಬಿಕೋ ಅನ್ನುತ್ತೆ, ನನಗೆ ದುಃಖ ಒತ್ತರಿಸಿ ಬರುತ್ತೆ. ಆಮೇಲೆ ಮನೆಗೆ ಬಂದು ಬಾಗಿಲು ತೆಗೆದ್ರೆ, 'ಬೂಟ್ಸು ಆಚೆ ಬಿಟ್ಟು ಬಾರೋ ದರಿದ್ರದೋನೇ' ಅಂತ ಕಿರುಚ್ತೀಯ. ಸದ್ಯ, ಇದ್ದಾಳಪ್ಪ ಅನ್ಸುತ್ತೆ. ಅಷ್ಟು ಸಂತೋಷ ನನಗೆ ಯಾವ ಕುಣಿಯೋ ಹಾಡಲ್ಲೂ ಸಿಕ್ಕಿಲ್ಲ.

ಮೊಜೆಲ್ ಮುಂಗೈಯಿಂದ ಮೂಗು ಒರೆಸಿಕೊಂಡಳು.

ಮೊಜೆಲ್: ಇದನ್ನ ಮೊದಲೇ ಬಾಯಿಬಿಟ್ಟು ಹೇಳೋಕೆ ನಿನಗೇನು ರೋಗ ಬಂದಿತ್ತು?

ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಮೊಜೆಲ್ ಕಿಟಕಿಯಿಂದ ಇಣುಕಿದಳು. ಪಕ್ಕದ ಹೊಲದ ವಿಧವೆ ಲೋರೀನ್! ಕೂದಲು ಸುರುಳಿ ಮಾಡಿಸಿಕೊಂಡು, ತುಟಿಗೆ ಬಣ್ಣ ಹಚ್ಚಿಕೊಂಡು, ಬಿಸಿ ಬಿಸಿ ಬ್ಲ್ಯಾಕ್‌ಬೆರಿ ಹಣ್ಣು ತುಂಬಿ ಬೇಯಿಸಿದ ಪೈ ಹಿಡಿದುಕೊಂಡು ನಿಂತಿದ್ದಾಳೆ.

ಮೊಜೆಲ್: (ಬಾಗಿಲ ಹಿಂದೆ ಅಡಗಿ, ಪಿಸುಗುಟ್ಟುತ್ತಾ) ಮುಖ ಸಪ್ಪಗೆ ಮಾಡ್ಕೋ! ಅವಳು ಮಾಡೋ ಪೈ ಇವತ್ತು ಬಿಟ್ರೆ ಮತ್ತೆ ಸಿಗಲ್ಲ.

ಲೋರೀನ್: (ಡೆಲ್ಬರ್ಟ್ ಬಾಗಿಲು ತೆಗೆಯುತ್ತಿದ್ದಂತೆ) ಡೆಲ್ಬರ್ಟ್, ಆ ಹಾಡು ಕೇಳಿ ಕರುಳು ಕಿತ್ತು ಬಂತಪ್ಪ. ಕಲ್ಲೆದೆಯವಳು, ಹೇಗೆ ಬಿಟ್ಟುಹೋದ್ಲೋ! ನೀನೇನೂ ಯೋಚನೆ ಮಾಡ್ಬೇಡ. ಇನ್ಮೇಲೆ ದಿನಾ ಸಂಜೆ ನಾನೇ ಬಂದು ಬಡಿಸ್ತೀನಿ.

ಮೊಜೆಲ್ ಬಾಗಿಲ ಹಿಂದಿನಿಂದ ಬಂದವಳೇ ಪೈ ಈಸಿಕೊಂಡಳು.

ಲೋರೀನ್: ಅಯ್ಯಯ್ಯೋ! ನೀನು ಹೋಗೇ ಇಲ್ವೇನೇ?

ಮೊಜೆಲ್: ಹೋಗಿದ್ದೆ ಕಣೆ. ದಾರೀಲಿ ಆ ಹಾಡು ಕೇಳಿ, ತಡ್ಕೊಳ್ಳೋಕಾಗದೆ ವಾಪಸ್ ಬಂದ್ಬಿಟ್ಟೆ!