ತೊಂಬತ್ತು ನಂಬರಿನ ಎಣ್ಣೆ

ಆ ಭಾನುವಾರ ಭೂಪಾಲ ಮಾಸ್ತರರು ಸುಮ್ಮನೆ ಕೂತಿದ್ದರೆ ಸಂಜೆಯೊಳಗೆ ಅವರ ಕಾರು ಮಾರಿಹೋಗುತ್ತಿತ್ತು, ತವರಿಗೆ ಹೋದ ಹೆಂಡತಿ ತಿರುಗಿ ಬರುತ್ತಿದ್ದಳು. ಆದರೆ ಸುಮ್ಮನೆ ಕೂರುವುದೊಂದು ಬಿಟ್ಟು ಉಳಿದದ್ದೆಲ್ಲ ಅವರಿಗೆ ಬರುತ್ತಿತ್ತು. ಬೆಳಿಗ್ಗೆ ಎದ್ದವರೇ ಕಾರಿಗೆ ಹೊಸ ಎಣ್ಣೆ ಹಾಕಬೇಕು ಎಂದುಕೊಂಡರು. ಅಲ್ಲಿಗೆ ಕೆಟ್ಟಿತು ನೋಡಿ.

ಮಾಸ್ತರರು ಏಕಸಂಬಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಮೂರು ವರ್ಷದ ಹಿಂದೆ, ಅಂದರೆ ಎಂಬತ್ತಾರರಲ್ಲಿ, ಮಿರಜದ ದಲ್ಲಾಳಿಯೊಬ್ಬನಿಂದ ಈ ಹಳೆಯ ಕಾರು ಕೊಂಡಿದ್ದರು. ಅದನ್ನು ಮೊದಲ ಸಲ ರಾಯಬಾಗದ ಮಾವನ ಮನೆ ಮುಂದೆ ತಂದು ನಿಲ್ಲಿಸಿದ ದಿನ ಮಾವ ತಾತ್ಯಾಸಾಹೇಬರಿಗೆ ಕುಡಿಯುತ್ತಿದ್ದ ಚಹ ನೆತ್ತಿಗೆ ಹತ್ತಿತ್ತು. ಅವರು ಅದರಲ್ಲಿ ಒಂದು ದಿನವೂ ಕೂರಲಿಲ್ಲ. ಆದರೆ ಒಂದು ಬುದ್ಧಿಮಾತು ಮಾತ್ರ ಹೇಳಿದ್ದರು.

"ಅಳಿಯಂದ್ರ, ಎಂಜಿನ್ ಆಯಿಲ್ ಬೇಕಾದಾಗ ಬದಲ್ ಮಾಡ್ರಿ. ಗೇರ್ ಆಯಿಲ್‌ಗೆ ಮಾತ್ರ ಕೈ ಹಚ್ಚಬ್ಯಾಡ್ರಿ. ಅದು ಹಳೇದಾದಷ್ಟು ಚಲೋ."

ಉಪ್ಪಿನಕಾಯಿಗೂ ಗೇರ್ ಆಯಿಲ್‌ಗೂ ಮಾವನವರಿಗೆ ವ್ಯತ್ಯಾಸ ತಿಳಿಯದು ಎಂದು ಮಾಸ್ತರರು ಒಳಗೊಳಗೇ ನಕ್ಕಿದ್ದರು. ಮಾವನವರು ಮಾತ್ರ ಬಹಿರಂಗವಾಗಿಯೇ ನಗುತ್ತಿದ್ದರು. ಮದುವೆ, ಮುಂಜಿ, ಯಾವ ಕಾರ್ಯವಿರಲಿ, ನಾಲ್ಕು ಜನ ಸೇರಿದಲ್ಲಿ "ನಮ್ಮ ಅಳಿಯಂದ್ರು ವಿಜ್ಞಾನ ಓದ್ಯಾರ, ಗಾಡಿ ಆರಸೂದು ಓದಿಲ್ಲ" ಎಂದು ಹೇಳಿ ಎಲ್ಲರನ್ನೂ ನಗಿಸುತ್ತಿದ್ದರು.

ಹೋದ ತಿಂಗಳು ಹೆಂಡತಿ ಸುಗಂಧಾಳ ತಮ್ಮನ ನಿಶ್ಚಯಕ್ಕೆ ಹೊರಟಾಗ ಕಾರು ದಾರಿಯಲ್ಲಿ ಕಾದು, ಹೊಗೆಬಿಟ್ಟು, ನಿಂತುಬಿಟ್ಟಿತು. ತಳ್ಳಿಸಿಕೊಂಡು ರಾಯಬಾಗ ಮುಟ್ಟುವಾಗ ಹೊತ್ತು ಮುಳುಗಿತ್ತು. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಅಲ್ಲಿ ಯಾರೂ ಊಟ ಮಾಡುವುದಿಲ್ಲ. ಹೋಳಿಗೆ ಕಣ್ಣ ಮುಂದಿದ್ದರೂ ಸುಗಂಧಾ ತಮ್ಮನ ನಿಶ್ಚಯದ ದಿನ ಹಸಿದು ಮಲಗಿದಳು. ಬೆಳಿಗ್ಗೆ ಎದ್ದು, "ಆ ಗಾಡಿ ಮನಿ ಮುಂದ ಇರೂತನಕ ನಾ ಮನಿಯೊಳಗ ಇರೂದಿಲ್ಲ" ಎಂದು ತವರಿನಲ್ಲೇ ಉಳಿದಳು.

ತಿಂಗಳು ಪೂರ ಮಾಸ್ತರರು ಪಕ್ಕದ ಮನೆಯ ಗೌರಾಬಾಯಿ ಕೊಟ್ಟ ರೊಟ್ಟಿ ತಿಂದುಕೊಂಡಿದ್ದರು. ರೊಟ್ಟಿಗೇನೂ ಕಡಿಮೆಯಿರಲಿಲ್ಲ, ಮನೆಯಲ್ಲಿ ಮಾತಾಡುವವರಿರಲಿಲ್ಲ. ಸುಗಂಧಾ ಬೈಯುತ್ತಿದ್ದಳು ನಿಜ, ಆದರೆ ಬೈಗುಳವಿಲ್ಲದ ಮನೆ ಅವರಿಗೆ ರಜೆಯಲ್ಲಿನ ಶಾಲೆಯಂತೆ ಬಿಕೋ ಎನ್ನುತ್ತಿತ್ತು.

ಕಡೆಗೂ ಅಥಣಿಯ ದ್ರಾಕ್ಷಿ ತೋಟದ ರಾವಸಾಹೇಬರು ಗಿರಾಕಿಯಾಗಿ ಸಿಕ್ಕರು. ಹೋದ ವಾರ ಬಂದು ಓಡಿಸಿ ನೋಡಿ, "ಗೇರ್ ಹಾಕಿದ್ರ ಬೆಣ್ಯಾಗ ಕೈ ಇಟ್ಟಂಗ ಆಗತೈತಿ. ಒಂದೀಟೂ ಆವಾಜ ಇಲ್ಲ!" ಎಂದು ಮೆಚ್ಚಿದ್ದರು. ಈ ಭಾನುವಾರ ನಾಲ್ಕು ಗಂಟೆಗೆ ತಮ್ಮ ಗಾಡಿ ಮಿಸ್ತ್ರಿಯನ್ನು ಕರೆತಂದು ಕಾರು ಒಯ್ಯುವುದೆಂದು ಮಾತಾಗಿತ್ತು. ಮಾಸ್ತರರು ಆ ಸುದ್ದಿಯನ್ನು ಸುಗಂಧಾಳಿಗೆ ಕಾಗದ ಬರೆದು ತಿಳಿಸಿದ್ದರು.

ಇಷ್ಟಾದ ಮೇಲೆ ಎಣ್ಣೆಯ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಎದುರು ಮನೆಯ ಬಾಬಾಸಾಹೇಬರೂ ಅದನ್ನೇ ಕೇಳಿದರು. ಅವರು ಟ್ರ್ಯಾಕ್ಟರ್ ಇಟ್ಟವರು, ಚಕ್ರವಿದ್ದ ಎಲ್ಲದರ ಮೇಲೂ ತಮಗೆ ಅಧಿಕಾರವಿದೆ ಎಂದು ತಿಳಿದವರು.

"ಮಾರೂ ಗಾಡಿಗೆ ಹೊಸಾ ಆಯಿಲ್? ಮಾಸ್ತರ, ತಲಿ ನೆಟ್ಟಗೈತಿಲ್ಲೋ?"

"ಕರ್ರಗಾದ ಎಣ್ಣಿ ಹಂಗ ಬಿಟ್ಟು ಕೊಟ್ರ, ಮಗಳನ್ನ ತಲಿ ಬಾಚದೆನ ಗಂಡನ ಮನಿಗಿ ಕಳಸಿದಂಗ ಆಗತೈತ್ರಿ," ಎಂದರು ಮಾಸ್ತರರು.

"ಹಾಕೂದ ಇದ್ರ ನನ್ನ ಟ್ರ್ಯಾಕ್ಟರಿಂದು ಒಯ್ರಿ. ನೂರಾ ನಲವತ್ತು ನಂಬರ್! ನಂಬರ್ ದೊಡ್ಡದಿದ್ದಷ್ಟು ತಾಕತ್ತು."

"ಅದೇನು ಪರೀಕ್ಷಾದ ಮಾರ್ಕೇನ್ರಿ, ದೊಡ್ಡದು ಬಂದ್ರ ಚಲೋ ಅನ್ನಾಕ? ನಂಬರ್ ಅಂದ್ರ ಎಣ್ಣಿ ಎಷ್ಟು ಮಂದ ಐತಿ ಅನ್ನೂದು. ಎಂಜಿನ್ನಿಗಿ ಇಪ್ಪತ್ತು-ನಲವತ್ತು ಬೇಕು. ಮುಂಜಾನಿ ಥಂಡ್ಯಾಗ ತೆಳ್ಳಗ ಹರೀಬೇಕು, ಕಾದಮ್ಯಾಲ ನೀರಾಗಬಾರದು. ಗೇರ್‌ಬಾಕ್ಸಿನಾಗ ಹಲ್ಲಿಗೆ ಹಲ್ಲು ತಿಕ್ಕತಾವ, ಅದಕ್ಕ ತೊಂಬತ್ತೇ ಆಗಬೇಕು."

ಗೌರಾಬಾಯಿ ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತ ಕೂತಿದ್ದಳು. "ನಮ್ಮ ಮನಿಯವ್ರು ಇದ್ದಾಗ ಕೀಲೆಣ್ಣಿ ಒಂದ ನೋಡು ತಮ್ಮಾ. ಮೂವತ್ತು ವರ್ಷ ಗಾಡಿ ಹೊಡದ್ರು. ಒಮ್ಮೆನೂ ಎತ್ತು ಕಾದು ಹೊಗಿ ಬಿಡಲಿಲ್ಲ," ಎಂದಳು.

ಮಾಸ್ತರರು ಯಾರ ಮಾತೂ ಕೇಳದೆ ಬಸ್ಸು ಹತ್ತಿ ಚಿಕ್ಕೋಡಿಗೆ ಹೋಗಿ ಎರಡು ಡಬ್ಬಿ ತಂದರು. ಮಧ್ಯಾಹ್ನ ಗೋಣಿಚೀಲ ಹಾಸಿ ಕಾರಿನ ಕೆಳಗೆ ಸೇರಿದರು. ಹಳೆಯ ಎಣ್ಣೆ ಹಿಡಿಯಲು ಪಾತ್ರೆ ಬೇಕಲ್ಲ? ಕೈಗೆ ಸಿಕ್ಕದ್ದು ಸುಗಂಧಾಳ ಹಿತ್ತಾಳೆ ಬೋಗುಣಿ, ಹಬ್ಬದಲ್ಲಿ ಹೂರಣಕ್ಕೆಂದು ಅವಳು ಇಟ್ಟದ್ದು. ತೊಳೆದಿಟ್ಟರಾಯಿತು ಎಂದುಕೊಂಡರು.

ಎಂಜಿನ್ನಿನ ಎಣ್ಣೆ ಸುಸೂತ್ರವಾಗಿ ಇಳಿಯಿತು. ಅದನ್ನು ಹಳೆಯ ಡಬ್ಬಿಯೊಂದಕ್ಕೆ ಸುರುವಿ, ಎಂಜಿನ್ನಿಗೆ ಹೊಸದನ್ನು ತುಂಬಿ, ಗೇರ್‌ಬಾಕ್ಸಿನ ಬಿರಡೆ ಬಿಚ್ಚಿದರು. ಏನೂ ಬೀಳಲಿಲ್ಲ. ಕಡ್ಡಿ ಹಾಕಿ ಕೆದಕಿದರು. ಆಗ ಗಟ್ಟಿಯಾದ ಕಂದು ರಾಡಿಯೊಂದು ಮೊದಲು ಅವರ ಮುಖಕ್ಕೂ ಆಮೇಲೆ ಬೋಗುಣಿಗೂ ದಬದಬ ಬಿತ್ತು.

ಬಾಬಾಸಾಹೇಬರು ಬಗ್ಗಿ ನೋಡಿ, "ಮಾಸ್ತರ, ಹೂರಣ ಬಂತಲ್ರಿ!" ಎಂದರು.

"ವರ್ಷಾನುಗಟ್ಟಲೆ ಕುಂತ ಹೊಲಸು. ಇದಕ್ಕ ಎಣ್ಣಿ ಬದಲ್ ಮಾಡಬೇಕನ್ನೂದು," ಎಂದು ಮಾಸ್ತರರು ಮುಖ ಒರೆಸಿಕೊಂಡು ವಿಜ್ಞಾನ ಗೆದ್ದ ಸಂತೋಷದಲ್ಲಿ ಸೀಮೆಎಣ್ಣೆ ಹಾಕಿ ಗೇರ್‌ಬಾಕ್ಸನ್ನು ಎರಡೆರಡು ಸಲ ತೊಳೆದರು. ತೊಂಬತ್ತು ನಂಬರಿನ ಎಣ್ಣೆಯನ್ನು ಅಳತೆ ತಪ್ಪದಂತೆ ಹಾಕಿ, ಕಾರು ಚಾಲೂ ಮಾಡಿ, ಗೇರಿಗೆ ತಳ್ಳಿದರು.

ಎಂಥ ಕೂಗು ಅಂತೀರಿ! ಬೀದಿಯ ನಾಯಿಗಳು ಓಡಿದವು. ಗೌರಾಬಾಯಿ ಮೊರ ಕೆಳಗಿಟ್ಟು, "ಅಯ್ಯ ಶಿವನ, ಯಾರ ಎಮ್ಮಿ ಈಯಾಕತ್ತೈತಿ?" ಎಂದು ಎದ್ದು ಬಂದಳು. ಎರಡನೇ ಗೇರಿಗೆ ಹಾಕಿದರೆ ಆ ಎಮ್ಮೆಗೆ ಜೊತೆ ಸಿಕ್ಕಿತು. ಮಾಸ್ತರರು ಗಡಿಯಾರ ನೋಡಿದರು. ಆಗಲೇ ಮೂರು ಹೊಡೆದಿತ್ತು. ವಿಜ್ಞಾನವನ್ನು ಬದಿಗಿಟ್ಟು ಬಾಬಾಸಾಹೇಬರ ನೂರಾ ನಲವತ್ತನ್ನೂ ತರಿಸಿ ಹಾಕಿದರು. ಕೂಗು ಇನ್ನಷ್ಟು ದಪ್ಪಗಾಯಿತು. ಗೌರಾಬಾಯಿ ಕೀಲೆಣ್ಣೆಯ ಡಬ್ಬಿ ಹುಡುಕಲು ಒಳಗೆ ಹೋದಳು.

ನಾಲ್ಕಕ್ಕೆ ಸರಿಯಾಗಿ ರಾವಸಾಹೇಬರು ಬಂದರು. ಜೊತೆಗೆ ಮಿಸ್ತ್ರಿ ಜ್ಞಾನದೇವ. ವಯಸ್ಸಾದವನು, ಮಿರಜದಲ್ಲಿ ಗ್ಯಾರೇಜು ನಡೆಸಿದವನು. ಮಾಸ್ತರರು ಚಹ ಕೊಟ್ಟರು, ಅವಲಕ್ಕಿ ಕೊಟ್ಟರು, ಮಳೆಯ ಮಾತಾಡಿದರು, ದ್ರಾಕ್ಷಿಯ ಮಾತಾಡಿದರು. ಕಡೆಗೆ ರಾವಸಾಹೇಬರೇ ಎದ್ದು ಕೀಲಿ ಇಸಿದುಕೊಂಡು ಗಾಡಿ ಚಾಲೂ ಮಾಡಿ ಗೇರು ಹಾಕಿದರು. ಹತ್ತು ಮಾರು ಹೋದವರು ಕೂಗಿಗೆ ಬೆಚ್ಚಿ ಇಳಿದು, ಕೀಲಿಯನ್ನು ಮಾಸ್ತರರ ಅಂಗೈಯಲ್ಲಿಟ್ಟರು.

"ಚಾ ಭಾಳ ಚಲೋ ಇತ್ರಿ ಮಾಸ್ತರ," ಎಂದಷ್ಟೇ ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದರು.

ಜ್ಞಾನದೇವ ಮಾತ್ರ ಹೋಗಲಿಲ್ಲ. ಬೋಗುಣಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ರಾಡಿಯನ್ನು ಚಿವುಟಿ ಎರಡು ಬೆರಳಲ್ಲಿ ಹೊಸೆದು, ಮೂಸಿ ನೋಡಿದ.

"ಇದನ್ನ ಯಾಕ್ರಿ ತಗದ್ರಿ ಸಾಹೇಬ್ರ? ಇದು ಹೊಲಸಲ್ಲ. ಸಾಗವಾನಿ ಕಟಗಿ ಹೊಟ್ಟು. ಜರಡಿ ಹಿಡದು ನಾನ ಹಾಕಿದ್ದು. ಗೇರಿನ ಹಲ್ಲು ಪೂರಾ ಸವದಿದ್ವು. ಹೊಟ್ಟು ತುಂಬಿದ್ರ ಆವಾಜ ಮುಚ್ಚತೈತಿ. ಹಂಗ ಮುಚ್ಚಿ ದಲ್ಲಾಳಿ ಕೈಗಿ ಕೊಟ್ವಿ."

ಮಾಸ್ತರರು ಬಗ್ಗಿ ಬೋಗುಣಿ ನೋಡಿದರು. "ಕೊಟ್ಟ ಮಾಲಕ ಯಾರಪಾ?"

"ಮಿರಜದಾಗ ಅವರದೊಂದು ಬೆಲ್ಲದ ಅಂಗಡಿ ಐತಲ್ರಿ, ಗಾಡಿ ಅಲ್ಲೇ ನಿಂದರತಿತ್ತು, ಊರಿಗಿ ಒಯ್ದದ್ದ ಇಲ್ಲ. ಮಾಲಕರು ರಾಯಬಾಗದಾವ್ರು. ತಾತ್ಯಾಸಾಹೇಬ್ರು ಅಂತ."

ಮಾಸ್ತರರು ಕಟ್ಟೆಯ ಮೇಲೆ ಕೂತರು. ಚಹ ನೆತ್ತಿಗೆ ಹತ್ತಿದ್ದು, ಒಂದು ದಿನವೂ ಕಾರಿನಲ್ಲಿ ಕೂರದಿದ್ದದ್ದು, ಗೇರ್ ಆಯಿಲ್ ಮುಟ್ಟಬೇಡಿ ಎಂದದ್ದು, ಎಲ್ಲ ಒಂದೊಂದಾಗಿ ನೆನಪಾಯಿತು. ಮೊದಲು ಸಿಟ್ಟು ಬಂತು. ಆಮೇಲೆ, ಸುಳ್ಳೇಕೆ, ಖುಷಿಯೂ ಆಯಿತು. ಮೂರು ವರ್ಷ ನಾಲ್ಕು ಜನರ ಮುಂದೆ ನಗೆಗೀಡಾದದ್ದಕ್ಕೆ ಈಗ ಉತ್ತರ ಸಿಕ್ಕಿತ್ತು. ನಾಳೆಯೇ ರಾಯಬಾಗಕ್ಕೆ ಹೋಗಿ ಹೆಂಡತಿಯ ಎದುರಿಗೇ ಕೇಳಿಬಿಡಬೇಕು ಎಂದುಕೊಂಡು ಎದ್ದು ನಿಂತರು.

ಅಷ್ಟರಲ್ಲಿ ರಾಯಬಾಗದ ಬಸ್ಸು ಬಂದು ಮನೆಯ ಮುಂದೆಯೇ ನಿಂತಿತು. ಚೀಲ ಹಿಡಿದುಕೊಂಡು ಸುಗಂಧಾ ಇಳಿದಳು. ಅವಳ ಹಿಂದೆ ತಾತ್ಯಾಸಾಹೇಬರು.

ತಿಂಗಳ ಮೇಲೆ ಹೆಂಡತಿಯ ಮುಖ ಕಂಡು ಮಾಸ್ತರರ ಕಣ್ಣು ತುಂಬಿತು. ಅವಳೂ ನಕ್ಕಳು.

"ನಿಮ್ಮ ಕಾಗದ ಬಂತು. ನಾ ಇನ್ನೂ ಎಂಟು ದಿನ ಬರ್ತಿರಲಿಲ್ಲ. ಅಪ್ಪಾನೇ ಹಟಾ ಹಿಡದ್ರು. 'ಅಳಿಯಂದ್ರು ಭೋಳೇ ಮನಶಾರು, ತಪ್ಪು ಅವರದಲ್ಲ, ಅಂಥಾ ಗಾಡಿ ಕೊರಳಿಗಿ ಕಟ್ಟಿದಾವಂದು' ಅಂದ್ರು. ಅಪ್ಪಾ ಹೇಳಿದ್ರಂತ ಬಂದೀನಿ. ಜಲ್ಮದಾಗ ಒಂದು ಸುಳ್ಳು ಹೇಳಿದಾವ್ರಲ್ಲ ಅವರು."

ಮಾಸ್ತರರು ಮಾವನವರ ಮುಖ ನೋಡಿದರು. ಸುಗಂಧಾಳ ಕಣ್ಣು ಆಗ ಕಾರಿನ ಮೇಲೆ ಬಿತ್ತು.

"ಇದಿನ್ನೂ ಇಲ್ಲೇ ಐತಿ? ಗಿರಾಕಿ ಬರಲಿಲ್ಲೇನು?" ಎಂದವಳು ಜ್ಞಾನದೇವನ ಕಡೆ ತಿರುಗಿದಳು. "ನೀವು ಮಿಸ್ತ್ರಿ ಏನ್ರಿ? ಏನ್ ದೋಷ ಐತ್ರಿ ಇದರಾಗ?"

ಜ್ಞಾನದೇವ ತಾತ್ಯಾಸಾಹೇಬರನ್ನು ಕಂಡು ಗುರುತಿನ ನಗೆ ನಕ್ಕು ಬಾಯಿ ತೆರೆದ. ತಾತ್ಯಾಸಾಹೇಬರ ಮುಖದಲ್ಲಿ ರಕ್ತವಿರಲಿಲ್ಲ. ಮಗಳ ಬೆನ್ನ ಹಿಂದೆ ನಿಂತು, ಎಪ್ಪತ್ತರ ಆ ಹಿರಿಯರು ಅಳಿಯನಿಗೆ ಎರಡೂ ಕೈ ಜೋಡಿಸಿದರು.

"ದೋಷ ಏನೂ ಇಲ್ಲ," ಎಂದುಬಿಟ್ಟರು ಮಾಸ್ತರರು. "ನಾನೇ ಕೊಡೂದಿಲ್ಲಂದೆ. ಮಾರಾಕ ಮನಸ್ಸಾಗಲಿಲ್ಲ."

ಸುಗಂಧಾ ಗಂಡನನ್ನು ನೋಡಿದಳು, ಕಾರನ್ನು ನೋಡಿದಳು, ಕೊನೆಗೆ ನೆಲದ ಮೇಲಿದ್ದ ತನ್ನ ಬೋಗುಣಿಯನ್ನು ನೋಡಿದಳು.

"ಹಂಗಾರ ಅದರ ಜೋಡೀನ ಸಂಸಾರ ಮಾಡ್ರಿ," ಎಂದವಳೇ, ಸ್ಟ್ಯಾಂಡಿಗೆ ಹೋಗಿ ರಾಯಬಾಗದ ಕಡೆ ತಿರುಗಿ ಬಂದ ಅದೇ ಬಸ್ಸಿಗೆ ಕೈ ಮಾಡಿ ಹತ್ತಿ ಕೂತಳು.

ತಾತ್ಯಾಸಾಹೇಬರು ಅವಳ ಹಿಂದಿನ ಸೀಟಿನಲ್ಲಿ ಕೂತು, ಕಿಟಕಿಯಿಂದ ಬಗ್ಗಿ ಅಳಿಯನ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ನಿಮ್ಮ ಉಪಕಾರ ಸಾಯೂತನಕ ಮರಿಯೂದಿಲ್ಲ ಅಳಿಯಂದ್ರ," ಎಂದು ಮಗಳಿಗೆ ಕೇಳದಂತೆ ಪಿಸುಗುಟ್ಟಿದರು. "ಇನ್ನೊಬ್ಬ ಗಿರಾಕಿ ನಾ ಹುಡಿಕಿ ಕಳಸ್ತೀನಿ. ನೀವು ತೊಂಬತ್ತು ನಂಬರಿನ ಎಣ್ಯಾಗ ಒಂದು ಸೇರು ಹೊಟ್ಟು ಕಲಸಿ ಇಡ್ರಿ. ಸಾಗವಾನೀದ ಆಗಬೇಕು. ಜರಡಿ ಮಾತ್ರ ಸಣ್ಣದಿರಲಿ."

ಬಸ್ಸು ಹೊರಟಿತು. ಭೂಪಾಲ ಮಾಸ್ತರರು ಬೂದಿ ತಂದು ಬೋಗುಣಿ ತಿಕ್ಕಲು ಕೂತರು.