ಮಾವನ ಕಾರಿನಲ್ಲಿ ಎರಡೇ ಸ್ಟಾರ್

ಗುರುತು ಪರಿಚಯ ಇಲ್ಲದವರ ಕಾರು ಹತ್ತಿ ಕೂರುವುದನ್ನು ದಿಲ್ಲಿಯ ಜನ ಅದೆಷ್ಟು ಸಲೀಸಾಗಿ ಮಾಡುತ್ತಾರೋ, ನನಗೆ ಇವತ್ತಿಗೂ ಬೆರಗು. ಅದರಲ್ಲೂ ನಮ್ಮ ಮಾವನ ಕಾರು ಹತ್ತುವವರ ಮೇಲೆ ಭಾರೀ ಗೌರವ. ಅದರಲ್ಲಿ ಏನಾದರೊಂದು ನಡೆಯದೆ ನಾವು ಓಖ್ಲಾ ತಲುಪಿದ್ದೇ ಇಲ್ಲ.

ಮಾವ ಕೊಡಗಿನವರು, ಸೈನ್ಯದಲ್ಲಿದ್ದು ನಿವೃತ್ತರಾದವರು. ಅತ್ತೆ ತೀರಿಕೊಂಡ ಮೇಲೆ ದಿಲ್ಲಿಯ ಮುನಿರ್ಕಾದಲ್ಲಿ ನನ್ನ ಜೊತೆ ಇದ್ದಾರೆ. ಬೆಳಿಗ್ಗೆ ನನ್ನನ್ನು ಓಖ್ಲಾದ ಗಾರ್ಮೆಂಟ್ಸ್ ಆಫೀಸಿಗೆ ಬಿಟ್ಟು ಬರುವುದು ಅವರ ದೊಡ್ಡ ಖುಷಿ. ಅದಿಲ್ಲದ ದಿನ ಗಡ್ಡವನ್ನೂ ತೆಗೆಯುವುದಿಲ್ಲ. ಗಡಿಯಲ್ಲಿರುವ ನನ್ನ ಗಂಡ ಮಾತ್ರ ಫೋನಿನಲ್ಲಿ, "ಇಬ್ಬರಿಗೆ ಕಾರು ಯಾಕಪ್ಪಾ? ಮಾರಿಬಿಡೋಣ, ಮೆಟ್ರೋ ಇದೆಯಲ್ಲ" ಅಂತ ಶುರುಮಾಡಿದರು.

ಮಾವ ಪಂಥ ಕಟ್ಟಿದರು. "ಸೀಟು ಹಂಚಿಕೊಂಡು ಓಡಿಸ್ತೀನಿ. ಈ ತಿಂಗಳಲ್ಲಿ ಒಂದು ದಿನ ಸೀಟು ಖಾಲಿ ಹೋದರೂ ನೀನು ಕಾರು ಮಾರು."

ಹಾಗೆ, ಖಾಲಿ ಸೀಟಿಗೆ ಅದೇ ದಾರಿಯ ಪ್ರಯಾಣಿಕರನ್ನು ಹುಡುಕಿಕೊಡುವ ಆ್ಯಪ್ ನಮ್ಮ ಮನೆಗೆ ಕಾಲಿಟ್ಟಿತು. ಮುಂದೆ ನಾನು, ಹಿಂದೆ ಇಬ್ಬರು, ಅವರ ನಡುವೆ ನನ್ನ ಸ್ಯಾಂಪಲ್ ಬಟ್ಟೆಯ ಚೀಲ.

ಎಂಟು ಗಂಟೆ

ಮೊದಲು ಬಂದವನು ಹುಬ್ಬಳ್ಳಿ ಕಡೆಯ ಐಟಿ ಹುಡುಗ. ಎಂಟಕ್ಕೆ ಸರಿಯಾಗಿ ನಮ್ಮ ಗೇಟಿಗೆ ಬಂದ. ಕಾರು ಆಗಲೇ ಹೊರಟಿತ್ತು.

"ಅಂಕಲ್, ಎಂಟಕ್ಕೇ ಬಂದೆನಲ್ರೀ" ಅಂತ ಫೋನಿನಲ್ಲಿ ಗೋಳಾಡಿದ.

"ಎಂಟು ಅಂದರೆ ಐದು ನಿಮಿಷ ಮುಂಚೆ ಅಂತ ನಿನಗೆ ಯಾರೂ ಹೇಳಿಕೊಡಲಿಲ್ವಾ?" ಅಂದರು ಮಾವ. ಅಷ್ಟು ಹೇಳಿ, ಪಾಪ ಅನ್ನಿಸಿ ಕಾರು ತಿರುಗಿಸಿದರು.

ಮರುದಿನ ಅವನು ಎಷ್ಟು ಬೇಗ ಬಂದನೆಂದರೆ, ನಾವು ಮನೆಯಿಂದ ಕೆಳಗಿಳಿಯುವ ಹೊತ್ತಿಗೆ ಗೇಟಿಗೆ ಒರಗಿ ಗೊರಕೆ ಹೊಡೆಯುತ್ತಿದ್ದ. ಮಾವನಿಗೆ ಅದೂ ಹಿಡಿಸಲಿಲ್ಲ. "ಕಾವಲಿಗೆ ನಿಂತವನು ನಿದ್ದೆ ಮಾಡಬಹುದಾ?"

ಗುರುತಿನ ಚೀಟಿ

ಎರಡನೆಯವರು ಬ್ಯಾಂಕಿನ ಮೇಡಮ್, ಅಪ್ಪಟ ದಿಲ್ಲಿಯವರು. ಹತ್ತುವ ಮೊದಲು ನಂಬರ್ ಪ್ಲೇಟಿನ ಫೋಟೋ ತೆಗೆದರು, ಮಾವನ ಲೈಸೆನ್ಸ್ ಕೇಳಿದರು, ಎಲ್ಲವನ್ನೂ ಗಂಡನಿಗೆ ಫೋನಿನಲ್ಲಿ ಒದರಿದರು.

ಮಾವನಿಗೆ ಇವರು ತುಂಬಾ ಮೆಚ್ಚುಗೆಯಾದರು. "ಶಭಾಷ್, ಹೀಗಿರಬೇಕು. ಈಗ ನಿಮ್ಮ ಗುರುತಿನ ಚೀಟಿ ತೋರಿಸಿ. ಕೈಚೀಲದಲ್ಲಿ ಏನಿದೆ?"

ಮೇಡಮ್ ತಬ್ಬಿಬ್ಬಾಗಿ ಚೀಲ ತೆರೆದು ಟಿಫಿನ್ ಡಬ್ಬಿ ತೋರಿಸಿದರು. ಆಮೇಲೆ ಗಂಡನಿಗೆ ಹೇಳಿದರು, "ಅಚ್ಛಾ, ನೀವು ಆರಾಮಾಗಿರಿ. ಇಲ್ಲಿ ಅವರೇ ನನಗೆ ಹೆದರಿದ್ದಾರೆ."

ಕಡಂಬುಟ್ಟು

ತಿಂಗಳು ಮುಗಿಯುತ್ತಾ ಬಂದಿತ್ತು. ಒಂದು ಸಂಜೆ ನೋಡಿದರೆ ಮಾರನೆಯ ದಿನಕ್ಕೆ ಯಾರೂ ಸೀಟು ಹಿಡಿದಿರಲಿಲ್ಲ. ಮಾವ ತಾವೇ ಮಗನಿಗೆ ಫೋನ್ ಮಾಡಿದರು. "ನಾಳೆ ಸೀಟು ಖಾಲಿ. ಮಾತು ಅಂದರೆ ಮಾತು, ಮಾರು." ಊಟಕ್ಕೂ ಏಳಲಿಲ್ಲ.

ಅವರ ಫೋನ್ ತೆಗೆದು ನೋಡಿದೆ. ಪ್ರಯಾಣ ಮುಗಿದ ಮೇಲೆ ಪ್ರಯಾಣಿಕರಿಗೆ ಐದರಲ್ಲಿ ಇಷ್ಟು ಸ್ಟಾರ್ ಅಂತ ಕೊಡಬೇಕಲ್ಲ, ಮಾವ ಇಬ್ಬರಿಗೂ ದಿನಾ ಎರಡೇ ಕೊಟ್ಟಿದ್ದರು! ಸ್ಟಾರ್ ಕಡಿಮೆಯಾದವರಿಗೆ ಆ್ಯಪ್ ಸೀಟು ಕೊಡುವುದಿಲ್ಲ.

"ಮಾವ, ಅವರೇನು ತಪ್ಪು ಮಾಡಿದರು?"

"ತಪ್ಪೇನಿಲ್ಲ, ಒಳ್ಳೆಯವರು. ಅದಕ್ಕೇ ಎರಡು. ಐದು ಕೊಟ್ಟುಬಿಟ್ಟರೆ ಮುಂದೆ ಸುಧಾರಿಸೋದು ಯಾವಾಗ? ನಿಮ್ಮತ್ತೆ ಮಾಡುತ್ತಿದ್ದ ಕಡಂಬುಟ್ಟಿಗೇ ನಾನು ನಾಲ್ಕರ ಮೇಲೆ ಕೊಟ್ಟವನಲ್ಲ."

ಅತ್ತೆಯ ಕಡಂಬುಟ್ಟು ನಾನೂ ತಿಂದಿದ್ದೇನೆ. ಅಕ್ಕಿ ತರಿಯ ಆ ಉಂಡೆ ಬಾಯಲ್ಲಿಟ್ಟರೆ ಕರಗುತ್ತಿತ್ತು.

ಬೆಳಿಗ್ಗೆ ಕೊನೆಯ ಸಲ ಅಂತ ಮಾವ ಕಾರು ಒರೆಸಿ ಹೊರತೆಗೆದರು. ಗೇಟಿನಲ್ಲಿ ಐಟಿ ಹುಡುಗ, ಬ್ಯಾಂಕ್ ಮೇಡಮ್ ಇಬ್ಬರೂ ನಿಂತಿದ್ದರು. ಐದು ನಿಮಿಷ ಮುಂಚೆ.

"ಆ್ಯಪ್ ನಮ್ಮನ್ನು ಹೊರಗೆ ಹಾಕಿದೆ ಅಂಕಲ್" ಅಂದರು ಮೇಡಮ್, ಗುರುತಿನ ಚೀಟಿ ತಾವಾಗಿಯೇ ಮುಂದೆ ಹಿಡಿದು. "ನೀವೂ ಹಾಕ್ತೀರಾ?"

ಮಾವ ಹಿಂದಿನ ಬಾಗಿಲು ತೆರೆದರು. ಅವರ ಕಣ್ಣು ತೇವವಾಗಿತ್ತು, ನಾನೇ ನೋಡಿದೆ. ತುಂಬಿದ ಸೀಟಿನ ಫೋಟೋ ಗಂಡನಿಗೆ ಕಳಿಸಿದೆ. "ಗೆದ್ದರು ಬಿಡು, ಕಾರು ಇರಲಿ" ಅಂತ ಉತ್ತರ ಬಂತು.

ಓಖ್ಲಾದಲ್ಲಿ ಇಳಿಯುವಾಗ ಮಾವ ಗಂಭೀರವಾಗಿ, "ಇವತ್ತು ನಿಮ್ಮಿಬ್ಬರಿಗೂ ನಾಲ್ಕು" ಅಂದರು.

ಹುಡುಗನ ಮುಖ ಸಪ್ಪಗಾಯಿತು. "ಇಷ್ಟೆಲ್ಲಾ ಮಾಡಿದರೂ ನಾಲ್ಕೇನ್ರೀ?"

"ಸುಮ್ಮನಿರಪ್ಪಾ" ಅಂದೆ ನಾನು. "ನೀನೀಗ ನಮ್ಮತ್ತೆಯ ಕಡಂಬುಟ್ಟಿನ ಸಮಕ್ಕೆ ಬಂದಿದ್ದೀಯ."