ಬಿಡಿ ಕಂತಿನ ದೆವ್ವಗಳು

ಅಂಗಡಿಯಲ್ಲಿ ಟಿವಿ ಇಟ್ಟವನ ಬಾಗಿಲಿಗೆ ಗಿರಾಕಿಗಳ ಬೆನ್ನಿಗೇ ಎಡವಟ್ಟುಗಳೂ ಬರುತ್ತವೆ. ಸುಂಟಿಕೊಪ್ಪದಲ್ಲಿ ಗೋಣಿ, ಟರ್ಪಾಲು, ಗಂಬೂಟು ಮಾರುವ ನನಗೆ ಅದು ಅಭ್ಯಾಸವಾಗಿದೆ. ಆದರೆ ಈ ಸಲದ ಕೊಯ್ಲಿನಲ್ಲಿ ನನ್ನ ಟಿವಿಯಿಂದಾಗಿ ಚೆಟ್ಟಳ್ಳಿ ಕಡೆಯ ಒಂದು ಎಸ್ಟೇಟಿನ ಕಾಫಿ ಹಣ್ಣೇ ನೆಲದ ಪಾಲಾಗುವುದರಲ್ಲಿತ್ತು. ಅದಕ್ಕೆ ಬರುತ್ತೇನೆ. ಮೊದಲು ಅದರಲ್ಲಿ ಬರುವ ಸೀರಿಯಲ್ಲಿನ ವಿಷಯ.

೧. ತಕ್ಕಡಿ

ಅದು ದೆವ್ವದ ಸೀರಿಯಲ್ಲು. ಅದರ ದೊಡ್ಡ ಕಥೆಯಲ್ಲಿ ಸತ್ತ ಸೊಸೆಯೊಬ್ಬಳು ಅತ್ತೆಯ ಕುತ್ತಿಗೆಗೆ ಕೈ ಚಾಚಿ ಮೂರು ವರ್ಷವಾಯಿತು. ಕೈ ಇನ್ನೂ ಕುತ್ತಿಗೆ ಮುಟ್ಟಿಲ್ಲ. ಇಷ್ಟು ನಿಧಾನದ ಆಳನ್ನು ನಾನಾಗಿದ್ದರೆ ಮೂರನೇ ದಿನಕ್ಕೆ ಮನೆಗೆ ಕಳಿಸುತ್ತಿದ್ದೆ. ನನ್ನ ಹೆಂಡತಿ ಮಾತ್ರ ಒಂದು ವಾರವೂ ತಪ್ಪಿಸುವುದಿಲ್ಲ. ನನಗೆ ಬೇಕಾದದ್ದು ನಡುನಡುವೆ ಬರುವ ಬಿಡಿ ಕಂತುಗಳು. ಹಿಂದಿನ ವಾರ ನೋಡಿರಬೇಕೆಂದಿಲ್ಲ, ಮುಂದಿನ ವಾರಕ್ಕೆ ಕಾಯಬೇಕೆಂದಿಲ್ಲ. ದೆವ್ವ ಬರುತ್ತದೆ, ಬಂದ ಕೆಲಸ ಮುಗಿಸುತ್ತದೆ, ಹೋಗುತ್ತದೆ.

ಒಂದು ಬಿಡಿ ಕಂತಿನಲ್ಲಿ, ಕಾಲು ನೆಲಕ್ಕೆ ತಾಗದ ಹೆಂಗಸೊಬ್ಬಳು ದಿನಸಿ ಅಂಗಡಿಗೆ ಬಂದು ಅರ್ಧ ಕಿಲೋ ಸಕ್ಕರೆ ಕೇಳಿದಳು. ಅಂಗಡಿಯವನು ಅವಳ ಮುಖವನ್ನೇ ನೋಡುತ್ತಾ ತಕ್ಕಡಿ ಎತ್ತಿದ. ನಾನು ಕುರ್ಚಿಯಿಂದ ಅರ್ಧ ಎದ್ದೆ.

"ಹೆದರಿದ್ರಾ?" ಅಂದಳು ಹೆಂಡತಿ.

"ಮತ್ತೆ? ತಕ್ಕಡಿ ನೋಡು. ಏನೂ ಹಾಕೋ ಮೊದಲೇ ಒಂದು ಕಡೆ ವಾಲಿ ಕೂತಿದೆ. ಅವಳಿಗೆ ನಾನೂರು ಗ್ರಾಂ ಕೂಡ ಸಿಕ್ಕೋದಿಲ್ಲ."

"ಅವಳು ಸತ್ತವಳು ರೀ."

"ಸತ್ತವರಿಗೆ ಕಡಿಮೆ ತೂಗಬಹುದು ಅಂತ ಎಲ್ಲಿ ಬರೆದಿದೆ?"

ಕೊನೆಗೆ ಅವಳು ಅವನ ಕತ್ತು ಹಿಸುಕಿದಾಗ ಹೆಂಡತಿ ಸೆರಗಿನಿಂದ ಕಣ್ಣು ಮುಚ್ಚಿಕೊಂಡಳು. ನನಗೇನೋ ಆ ಶಿಕ್ಷೆ ನ್ಯಾಯವಾಗಿಯೇ ಕಂಡಿತು.

೨. ಬೀರು

ಬಿಡಿ ಕಂತಿನ ದೋಷವೆಂದರೆ ಒಂದೇ. ನಡುವೆ ಕರೆಂಟ್ ಹೋದರೆ ಕಥೆಯೂ ಹೋಯಿತು. ಅತ್ತೆ ಸೊಸೆಯರದ್ದಾದರೆ ಮುಂದಿನ ವಾರ ಮೊದಲ ಹತ್ತು ನಿಮಿಷ ಹಳೆಯದನ್ನೇ ತೋರಿಸುತ್ತಾರೆ.

ಭಾನುವಾರ ಸಂತೆಯ ದಿನ ಮಧ್ಯಾಹ್ನ ಹಳೆಯ ಕಂತೊಂದನ್ನು ಮತ್ತೆ ಹಾಕುತ್ತಾರೆ. ನೆಲ್ಯಹುದಿಕೇರಿಯ ರಿಟೈರ್ಡ್ ಮೇಷ್ಟ್ರೊಬ್ಬರು ಹಗ್ಗ ಕೊಳ್ಳಲು ಬಂದವರು ನಿಂತು ನೋಡತೊಡಗಿದರು. ಪರದೆಯ ಮೇಲಿನ ಮನುಷ್ಯ ಕಿರುಗುಟ್ಟುವ ಬೀರುವಿನ ಹಿಡಿಗೆ ಕೈ ಹಾಕಿದ. ಕರೆಂಟ್ ಹೋಯಿತು. ಮೇಷ್ಟ್ರು ಒಂದು ಬಸ್ಸು ಬಿಟ್ಟು ಕಾದರು. ಕರೆಂಟ್ ಬರಲಿಲ್ಲ.

"ಬೀರುವಿನೊಳಗೆ ಯಾರಿದ್ರು, ಯಾರಾದ್ರೂ ಹೇಳಿ ಮಾರಾಯ್ರೆ."

"ಅವನ ಅಮ್ಮ ಇದ್ದದ್ದು," ಅಂದ ಗಂಬೂಟು ಹಾಕಿ ನೋಡುತ್ತಿದ್ದವನು.

"ಅಮ್ಮ ಅಲ್ಲ, ಅವನೇ," ಅಂದೆ ನಾನು.

"ಇಬ್ಬರೂ ಸರಿಯಾಗಿ ನೋಡಲಿಲ್ಲ. ಒಳಗೆ ಯಾರೂ ಇರಲಿಲ್ಲ, ಖಾಲಿ," ಅಂದ ಟರ್ಪಾಲಿಗೆ ಬಂದವನು.

ಗಂಬೂಟಿನವನು ತನ್ನದೇ ಸರಿಯೆಂದು ಕಥೆಯನ್ನು ಮೊದಲಿನಿಂದ ಶುರು ಮಾಡಿದ. ನಾನೂ ಶುರು ಮಾಡಿದೆ. ಅಷ್ಟರಲ್ಲಿ ಮುಂದಿನ ಬಸ್ಸು ಹಾರ್ನ್ ಹೊಡೆಯಿತು. ಮೇಷ್ಟ್ರು ಹಗ್ಗವನ್ನು ಹೆಗಲಿಗೆ ಹಾಕಿಕೊಂಡರು.

"ಖಾಲಿಯದ್ದೇ ಇರಲಿ. ಬೇಗ ಮುಗೀತದೆ."

೩. ಹಲಸಿನ ಮರ

ಮುಂದಿನ ಸಂತೆಗೆ ಬಂದ ಕಂತಿನಲ್ಲಿ ಹಲಸಿನ ಮರದ ಮೇಲೆ ಕುಳಿತ ದೆವ್ವ, ಕೆಳಗೆ ಹೋಗುವವರನ್ನು ಹೆಸರು ಹಿಡಿದು ಕರೆಯುತ್ತಿತ್ತು. ತಲೆ ಎತ್ತಿದವರು ಮುಗಿದರು. ಚೆಟ್ಟಳ್ಳಿ ಎಸ್ಟೇಟಿನಲ್ಲಿ ಕಾಫಿ ಕೊಯ್ಯುವ ಪಿಕ್ಕಿಂಗ್ ಹೆಂಗಸರು ಅಂಗಡಿಯಲ್ಲಿ ನಿಂತು ಪೂರ್ತಿ ನೋಡಿದರು.

ಮಂಗಳವಾರ ಆ ಎಸ್ಟೇಟಿನ ಆಳುಗಳ ಲೆಕ್ಕ ಬರೆಯುವ ರೈಟರ್ ಜೀಪಿನಲ್ಲಿ ಬಂದಿಳಿದ.

"ತೋಟದ ಕೆಳಗಿನ ಬ್ಲಾಕಲ್ಲಿ ಒಂದು ಹಲಸಿನ ಮರ ಉಂಟು. ಎರಡು ದಿನದಿಂದ ಒಬ್ಬರೂ ಕಾಲಿಡ್ತಾ ಇಲ್ಲ. ಕಾಫಿ ಹಣ್ಣು ಉದುರ್ತಾ ಉಂಟು. ಈ ವಾರ ಕೊಯ್ಯದಿದ್ರೆ ಧಣಿಗಳು ನನ್ನನ್ನೇ ಮನೆಗೆ ಕಳಿಸ್ತಾರೆ. ನಿಮ್ಮ ಟಿವಿಯಿಂದ ಆದದ್ದು, ನೀವೇ ಬಂದು ಹೇಳಿ."

ಆ ಎಸ್ಟೇಟಿನ ಗೋಣಿಯಷ್ಟೂ ನನ್ನಲ್ಲಿಂದಲೇ ಹೋಗುವುದು. ಜೀಪು ಹತ್ತಿದೆ.

ಹೆಂಗಸರೆಲ್ಲ ಬ್ಲಾಕಿನ ಅಂಚಿನಲ್ಲಿ ಕುಳಿತು ಎಲೆಅಡಿಕೆ ಹಾಕುತ್ತಿದ್ದರು. ಅವರಲ್ಲಿ ಹಿರಿಯಳ ಮಾತೇ ಉಳಿದವರ ಮಾತು. ಅವಳಿಗೆ ಹೇಳಿದೆ: "ನೋಡಕ್ಕ, ಅದು ಬಿಡಿ ಕಂತು. ಒಂದು ಕಂತಿಗೆ ಒಂದು ದೆವ್ವ. ಅದರ ಕೆಲಸ ಭಾನುವಾರವೇ ಮುಗೀತು. ಇನ್ನು ಬಂದರೆ ಬೇರೆ ದೆವ್ವ, ಬೇರೆ ಜಾಗಕ್ಕೆ."

"ಆ ಸೊಸೆಯ ಹಾಗೆ ಎಳೆಯೋದಿಲ್ವ?"

"ಇಲ್ಲವೇ ಇಲ್ಲ."

ಅವಳು ಬಾಯಿಯ ಎಲೆಅಡಿಕೆ ಉಗಿದಳು. "ಅದು ಹೋಗೋದಾದ್ರೂ ಹಸಿದು ಹೋಗಬಾರ್ದು, ಸಾವ್ಕಾರ್ರೆ."

ಅದರಲ್ಲಿ ತಪ್ಪೇನೂ ಕಾಣಲಿಲ್ಲ. ನಮ್ಮ ಕಡೆ ಸತ್ತ ಹಿರಿಯರಿಗೂ ಎಲೆ ಹಾಕಿ, ಮಾಂಸ ಬಡಿಸಿ, ಕುಡಿಯಲು ಇಟ್ಟು ಕಳಿಸುವುದುಂಟು. ಆ ಸೀರಿಯಲ್ಲಿನವರು ಮಂತ್ರವಾದಿಯನ್ನು ಕರೆಸುತ್ತಾರೆಯೇ ಹೊರತು, ಊಟವಾಯಿತೇ ಎಂದು ದೆವ್ವವನ್ನು ಒಬ್ಬರೂ ಕೇಳಿದ್ದಿಲ್ಲ. ರೈಟರ್ ಹಲಸಿನ ಬುಡದಲ್ಲಿ ಬಾಳೆ ಎಲೆ ಹಾಸಿ ಹಂದಿ ಕರಿ, ಕಡುಬು, ಒಂದು ಕ್ವಾರ್ಟರ್ ಬ್ರಾಂದಿ ಇಟ್ಟ. ಹಾಗೆ ಇಟ್ಟ ಮೇಲೆ ತಿರುಗಿ ನೋಡಬಾರದೆಂದು ಹಿರಿಯಳು ನಮ್ಮಿಬ್ಬರನ್ನೂ ಬಂಗಲೆಯವರೆಗೆ ಕಳಿಸಿದಳು. ಒಂದು ಗಂಟೆ ಬಿಟ್ಟು ಬಂದರೆ ಎಲೆ ಮಡಚಿಟ್ಟಿತ್ತು. ಖಾಲಿ ಬಾಟಲಿಗೆ ಮುಚ್ಚಳ ಹಾಕಿ ಮರಕ್ಕೆ ಒರಗಿಸಿಟ್ಟಿತ್ತು. ಇಷ್ಟು ಶಿಸ್ತಿನ ದೆವ್ವವನ್ನು ನಾನು ಯಾವ ಕಂತಿನಲ್ಲೂ ನೋಡಿರಲಿಲ್ಲ.

ಬುಧವಾರ ಸಂಜೆಯೊಳಗೆ ಆ ಬ್ಲಾಕು ಪೂರ್ತಿ ಕೊಯ್ದಾಯಿತು. ಗುರುವಾರ ರೈಟರ್ ಮತ್ತೆ ಜೀಪಿನಲ್ಲಿ ಬಂದ. ಪಕ್ಕದ ಸೀಟು ತೋರಿಸಿದ.

ಹೆಂಗಸರು ಈಗ ಮೇಲಿನ ಬ್ಲಾಕಿನ ಅಂಚಿನಲ್ಲಿ ಕುಳಿತಿದ್ದರು. ಅಲ್ಲಿ ಇದ್ದದ್ದೆಲ್ಲ ನೆರಳಿಗೆ ನೆಟ್ಟ ಸಿಲ್ವರ್ ಮರ.

"ಇಲ್ಲಿ ಹಲಸಿನ ಮರವೇ ಇಲ್ಲವಲ್ಲಕ್ಕ?" ಅಂದೆ.

ಹಿರಿಯಳು ನನ್ನನ್ನು ಕನಿಕರದಿಂದ ನೋಡಿದಳು.

"ನೀವೇ ಹೇಳಿದ್ದಲ್ವ ಸಾವ್ಕಾರ್ರೆ, ಕಂತಿಗೊಂದು ದೆವ್ವ ಅಂತ. ಇದು ಬೇರೆಯದ್ದು. ಇದು ಹಂದಿ ತಿನ್ನೋದಿಲ್ಲ. ಕೋಳಿ ಆಗ್ತದೆ."